ಬಂಡೆಯ ಮಗ್ಗುಲ ಓಣಿ

"ಹಿಂದಕ್ಕೆ ತಗೊಳ್ಳಿ, ಸ್ವಲ್ಪ ಹಿಂದಕ್ಕೆ," ಎಂದರು ಸೋದರಮಾವ. ಶವಪೆಟ್ಟಿಗೆಯ ಮುಂದಿನ ತುದಿ ಅವರ ಕೈಯಲ್ಲಿತ್ತು, ಬೆನ್ನು ಗೋಡೆಗೆ ಒತ್ತಿಕೊಂಡಿತ್ತು. ಹಿಂದಿನ ತುದಿ ಹಿಡಿದಿದ್ದ ಸತ್ತವರ ಮಗ ಎರಡು ಹೆಜ್ಜೆ ಸರಿದ. ಪೆಟ್ಟಿಗೆ ಮತ್ತೆ ಮುಂದೆ ಬಂತು, ಮತ್ತೆ ಅದೇ ಜಾಗದಲ್ಲಿ ಅದರ ಮೂಲೆ ಬಂಡೆಗೆ ತಾಗಿ ಕರಕರ ಎಂದಿತು. ಇನ್ನೊಂದು ಸಲವೂ ಹಾಗೇ ಆದಾಗ ಮಾವ, ಬೆವರು ಒರೆಸಿಕೊಳ್ಳಲು ಕೈ ಖಾಲಿಯಿಲ್ಲದೆ, ಭುಜಕ್ಕೆ ಮುಖ ಉಜ್ಜಿಕೊಂಡು, "ಇದು ಆಗೋ ಮಾತಲ್ಲ," ಎಂದರು.

ಪೆಟ್ಟಿಗೆಯೊಳಗೆ ಮಲಗಿದ್ದವರು ಈ ಮನೆಯನ್ನು ಕಟ್ಟಿದ ಆರ್ಕಿಟೆಕ್ಟ್. ಪೆಟ್ಟಿಗೆ ಸಿಕ್ಕಿಕೊಂಡ ತಿರುವೂ ಅವರದೇ. ಹಿಂದಿನ ಕೋಣೆಯಿಂದ ಮುಂದಿನ ಹಜಾರಕ್ಕೆ ಬರುವ ದಾರಿಗೆ ಒಂದು ಕಡೆ ಸುಣ್ಣ ಬಳಿದ ಗೋಡೆ, ಇನ್ನೊಂದು ಕಡೆ ಬಂಡೆ. ಅಲಂಕಾರಕ್ಕೆ ತಂದಿಟ್ಟ ಕಲ್ಲಲ್ಲ. ನೆಲದೊಳಗಿಂದ ಎದ್ದು ಬಂದ, ಬುಡ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲದ ಬಂಡೆ. ದಾರಿ ಅದರ ಹೊಟ್ಟೆಯನ್ನು ಬಳಸಿಕೊಂಡು ತಿರುಗುತ್ತಿತ್ತು. ಮನೆಯವರು ಅದನ್ನು ಓಣಿ ಎನ್ನುತ್ತಿದ್ದರು.

ಮಧ್ಯಾಹ್ನ ಪೆಟ್ಟಿಗೆ ಒಳಗೆ ಹೋದದ್ದು ಸಲೀಸಾಗಿಯೇ. ಖಾಲಿ ಪೆಟ್ಟಿಗೆಯನ್ನು ಇಬ್ಬರು ನೆಟ್ಟಗೆ ನಿಲ್ಲಿಸಿಕೊಂಡು ತಿರುವು ದಾಟಿಸಿದ್ದರು. ನಿಂತು ಬಂದದ್ದು ಹೋಗುವಾಗ ಮಲಗಿ ಹೋಗಬೇಕು ಎಂಬುದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಾವಿನ ಮನೆಯಲ್ಲಿ ಅಳತೆಯ ಟೇಪು ಹಿಡಿದು ಯಾರು ನಿಲ್ಲುತ್ತಾರೆ? ಹಿಡಿಯುವವರು ಒಬ್ಬರಿದ್ದರು, ಅವರನ್ನೇ ಈಗ ಸಾಗಿಸಬೇಕಾಗಿತ್ತು.

ಪೆಟ್ಟಿಗೆಯನ್ನು ಮತ್ತೆ ಹಿಂದಿನ ಕೋಣೆಗೆ ಒಯ್ದು ಎರಡು ಸ್ಟೂಲಿನ ಮೇಲೆ ಇಳಿಸಿದರು. ಗಾಡಿ ಹೊರಗೆ ನಿಂತಿತ್ತು. ಕತ್ತಲಾದ ಮೇಲೆ ಸ್ಮಶಾನದ ಗೇಟು ಹಾಕುತ್ತಾರೆ ಎಂದು ಗಾಡಿಯವನು ಆಗಲೇ ಎರಡು ಸಲ ಒಳಗೆ ಇಣುಕಿ ಹೇಳಿ ಹೋಗಿದ್ದ. ಕಿಟಕಿಯ ಮಾತು ಬಂತು. ಆದರೆ ಮನೆ ಇಳಿಜಾರಿನ ಮೇಲಿತ್ತು, ಹಿಂದಿನ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಕಾಣುವುದು ಮರದ ತುದಿ. ಹಾಗಾದರೆ ಪೆಟ್ಟಿಗೆಯನ್ನು ಬಂದ ಹಾಗೇ ನೆಟ್ಟಗೆ ನಿಲ್ಲಿಸಿ ಒಯ್ಯೋಣ ಎಂದ ಮಗ.

"ಅವರನ್ನ ನಿಲ್ಲಿಸಬೇಡ," ಎಂದಳು ತಾಯಿ. ಮಂಚದ ಅಂಚಿನಲ್ಲಿ ಕೂತಿದ್ದ ಅವಳು ಅಂದು ಬೆಳಗಿನಿಂದ ಆಡಿದ ಮೊದಲ ಮಾತು ಅದು. "ನಿಲ್ಲೋಕಾಗಲ್ಲ ಅಂತ ಎಷ್ಟು ಅತ್ತಿದಾರೆ ಗೊತ್ತಾ ನಿನಗೆ?"

ಮಾವ ಮೆತ್ತಗೆ ಇನ್ನೊಂದು ದಾರಿ ಹೇಳಿದರು. ಒಂದು ಗಟ್ಟಿ ದುಪ್ಪಟಿಯಲ್ಲಿ ಭಾವನನ್ನು ಹಜಾರಕ್ಕೆ ಎತ್ತಿಕೊಂಡು ಹೋಗಿ, ಪೆಟ್ಟಿಗೆಯಲ್ಲಿ ಅಲ್ಲೇ ಮಲಗಿಸಿದರಾಯಿತು. ತಾಯಿ ತಲೆ ಅಲ್ಲಾಡಿಸಿದಳು. ಆಸ್ಪತ್ರೆಯಿಂದ ಬಂದ ದಿನ ಹಾಗೇ ತಂದಿದ್ದರು. ದುಪ್ಪಟಿಯಲ್ಲಿ ಮುದುಡಿಕೊಂಡು, ತಿರುವಿನಲ್ಲಿ ಸೊಂಟ ಬಂಡೆಗೆ ತಾಗಿ, ಅವರು ಮಾಡಿದ ಶಬ್ದ ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

"ಸತ್ತೋರಿಗೆ ನೋವಾಗಲ್ಲ ಅಕ್ಕ."

"ನನಗಾಗತ್ತೆ," ಎಂದಳು.

ಅಲ್ಲಿಗೆ ಆ ಮಾತು ಮುಗಿಯಿತು. ಇನ್ನು ಉಳಿದದ್ದು ಎಲ್ಲರ ಮನಸ್ಸಿನಲ್ಲಿದ್ದರೂ ಯಾರೂ ಬಾಯಿಬಿಡದ ದಾರಿ. ಬಾಗಿಲಲ್ಲಿ ನಿಂತಿದ್ದ ಕಂಟ್ರಾಕ್ಟರ್ ಗಂಟಲು ಸರಿಮಾಡಿಕೊಂಡ. ಅವನು ಸತ್ತವರ ಜೊತೆ ಎಷ್ಟೋ ಮನೆ ಕಟ್ಟಿದವನು. ಕಲ್ಲು ಒಡೆಯುವ ಯಂತ್ರ ಹೊರಗೆ ವ್ಯಾನಿನಲ್ಲೇ ಇದೆ, ಒಂದು ಮೂಲೆ ಹಾರಿಸಿದರೆ ಸಾಕು, ಅರ್ಧ ಗಂಟೆಯ ಕೆಲಸ, ಎಂದು ನೆಲ ನೋಡಿಕೊಂಡು ಹೇಳಿದ. ಆಮೇಲೆ ತಲೆಯೆತ್ತಿ ಸತ್ತವರ ಮಗಳ ಕಡೆ ನೋಡಿದ. ಮಾವನೂ ನೋಡಿದರು. ಅವಳ ತಮ್ಮನೂ ನೋಡಿದ.

"ನೀನೇ ತಾನೇ ಅವತ್ತು ಬಂಡೆ ಒಡೆಯೋಕೆ ಇವರನ್ನ ಕರೆಸಿದ್ದು," ಎಂದರು ಮಾವ. "ಅವತ್ತು ಭಾವ ಬೇಡ ಅಂದ್ರು. ಈಗ ಯಾರು ಅಡ್ಡ ಬರ್ತಾರೆ? ನೀನು ಹ್ಞೂಂ ಅನ್ನು, ಅಷ್ಟೇ."

ಮಗಳೂ ಆರ್ಕಿಟೆಕ್ಟ್. ಅಪ್ಪ ಬದುಕಿದ್ದಾಗ ಗೆಲ್ಲಲಾಗದ ಜಗಳವನ್ನು ಅಪ್ಪನ ಹೆಣದ ಎದುರು ಗೆಲ್ಲಬೇಕಾಗಿ ಬಂದಿತ್ತು. ಸ್ವಲ್ಪ ತಾಳಿ ಎಂದು ಹೇಳಿ ಹೊರಗೆ ಬಂದಳು.

*

ಆ ಜಾಗವನ್ನು ಯಾರೂ ಕೊಳ್ಳುತ್ತಿರಲಿಲ್ಲ. ನಡುವೆ ಆನೆಯಷ್ಟು ಬಂಡೆ, ಸುತ್ತ ಇಳಿಜಾರು. ಸಿಡಿಮದ್ದು ಇಟ್ಟು ಹಾರಿಸಿ, ಮಟ್ಟ ಮಾಡಿ ಕಟ್ಟಿ ಎಂದು ಎಲ್ಲರೂ ಬುದ್ಧಿ ಹೇಳಿದರು. ಆಗಿನ್ನೂ ಕೂದಲು ಕಪ್ಪಗಿದ್ದ ಆರ್ಕಿಟೆಕ್ಟ್ ಒಂದು ಮಡಚುವ ಕುರ್ಚಿ ತಗೊಂಡು ಹೋಗಿ ಬಂಡೆಯ ಪಕ್ಕದಲ್ಲಿ ಕೂತರು.

ಅದು ಅವರ ಕೆಲಸದ ರೀತಿ. ಯಾರ ಜಾಗವೇ ಆಗಲಿ, ಮೊದಲು ಕುರ್ಚಿ ಹಾಕಿಕೊಂಡು ಕೂರುವುದು. ಬೆಳಿಗ್ಗೆ ಒಂದು ಮೂಲೆ, ಮಧ್ಯಾಹ್ನ ಇನ್ನೊಂದು. ನೆರಳು ಹೋದ ಕಡೆ ಕುರ್ಚಿ ಹೋಗುತ್ತಿತ್ತು. ಮಳೆ ಬಂದರೆ ಛತ್ರಿ ಬಿಡಿಸಿಕೊಂಡು, ನೀರು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ದುಡ್ಡು ಕೊಟ್ಟವರಿಗೆ ಜೀವ ಹೋಗುತ್ತಿತ್ತು. ಪ್ಲಾನ್ ಯಾವಾಗ ಸಾರ್ ಎಂದರೆ, ಜಾಗ ಇನ್ನೂ ಮಾತಾಡಿಲ್ಲ ಎನ್ನುತ್ತಿದ್ದರು. ಗಾರೆ ಕೆಲಸದವರೆಲ್ಲ ಸೇರಿ ಕುರ್ಚಿ ಎಂಜಿನಿಯರ್ ಎಂದು ಹೆಸರಿಟ್ಟರು. ಎದುರಿಗೇ ಹಾಗೆ ಕರೆದರೂ ಅವರು ನಗುತ್ತಿದ್ದರು.

ಬಂಡೆಯ ಪಕ್ಕ ಅವರು ಕೂತದ್ದು ಒಂದು ಬೇಸಿಗೆ, ಒಂದು ಮಳೆಗಾಲ. ಕೊನೆಗೆ ಹೆಂಡತಿಯನ್ನು ಸಂಜೆ ಹೊತ್ತು ಕರೆತಂದು, ಬಂಡೆಯ ಈ ಕಡೆ ನಿಲ್ಲಿಸಿದರು. ಅವಳ ಸೆರಗು ಹಾರಿತು. ಆ ಕಡೆ ನಿಲ್ಲಿಸಿದರು. ಸೆರಗು ಅಲ್ಲಾಡಲಿಲ್ಲ. ಕಣಿವೆಯ ಗಾಳಿ ಸಂಜೆಯಾದರೆ ಬಂಡೆಗೆ ಬಡಿದು ಈ ಕಡೆ ತಿರುಗುತ್ತದೆ, ಇಲ್ಲಿ ಜಗುಲಿ ಬರಬೇಕು, ಆ ಕಡೆ ಮಲಗುವ ಕೋಣೆ, ಎಂದರು. ಚಳಿಗಾಲದಲ್ಲಿ ಬಂಡೆ ಹಗಲಿನ ಬಿಸಿಲನ್ನು ರಾತ್ರಿಯವರೆಗೆ ಇಟ್ಟುಕೊಳ್ಳುತ್ತದೆ, ಆದ್ದರಿಂದ ಅದು ಮನೆಯ ಒಳಗೇ ಇರಲಿ, ಎಂದರು.

"ಬಂಡೆನ ಮನೆಯೊಳಗೆ ಇಟ್ಕೊಂಡು ನಾನೆಲ್ಲಿ ಓಡಾಡಲಿ?" ಎಂದು ಕೇಳಿದಳು ಹೆಂಡತಿ.

"ಅದು ಜರುಗಲ್ಲ. ನಾವೇ ಸ್ವಲ್ಪ ಜರುಗೋಣ."

ಅವಳು ಮೂಗು ಮುರಿದಳು. ಮುಂದೆ ಬದುಕಿಡೀ, ಬಂದವರೆದುರು, ಈ ಮನೆಯಲ್ಲಿ ಬಂಡೆಗೆ ಮೊದಲ ಮರ್ಯಾದೆ, ಮಿಕ್ಕಿದ್ದು ನನಗೆ, ಎಂದು ಆಡಿಕೊಂಡಳು. ಮಂಚವನ್ನು ಬಿಡಿಬಿಡಿಯಾಗಿ ತಂದು ಒಳಗೆ ಜೋಡಿಸಿದರು. ಮಕ್ಕಳ ಮೊಣಕೈ ತಿರುವಿನಲ್ಲಿ ತರಚಿದ್ದಕ್ಕೆ ಲೆಕ್ಕವಿಲ್ಲ. ಆದರೂ ಬೇಸಿಗೆಯ ಮಧ್ಯಾಹ್ನ ಅವಳು ಚಾಪೆ ಹಾಸಿಕೊಂಡು ಮಲಗುತ್ತಿದ್ದದ್ದು ಬಂಡೆಯ ಮಗ್ಗುಲಲ್ಲೇ.

*

ಮುಂದಿನ ಜಗುಲಿಯಲ್ಲಿ ಬಂದವರು ಗುಂಪಾಗಿ ನಿಂತಿದ್ದರು. ಒಳಗೆ ಏನು ತಡ ಎಂದು ಎಲ್ಲರಿಗೂ ಗೊತ್ತಾಗಿತ್ತು, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಜಗುಲಿಯ ಒಂದು ಕೊನೆಯಲ್ಲಿ ಚಕ್ರದ ಕಬ್ಬಿಣದ ಮಂಚವೊಂದು, ಆಸ್ಪತ್ರೆಯಲ್ಲಿರುವಂಥದ್ದು, ಪ್ಲಾಸ್ಟಿಕ್ ಹಾಳೆ ಹೊದ್ದು ನಿಂತಿತ್ತು. ಜನ ಅದರ ಮೇಲೆ ಕೈಚೀಲ, ಛತ್ರಿ ಇಟ್ಟಿದ್ದರು. ಮಗಳು ಅದನ್ನು ನೋಡದ ಹಾಗೆ ಮುಖ ತಿರುಗಿಸಿಕೊಂಡಳು.

ನಿವೃತ್ತ ಹೆಡ್‌ಮಿಸ್ ಅವಳ ಕೈ ಹಿಡಿದುಕೊಂಡರು. ಅವರ ಶಾಲೆ ಅಪ್ಪ ಕಟ್ಟಿದ್ದು. ಸಾಲಾಗಿ ಒಂದೇ ಕಟ್ಟಡ ಮಾಡಿಕೊಡಿ ಎಂದು ಕಮಿಟಿಯವರು ಹಟ ಹಿಡಿದಿದ್ದರಂತೆ. ಅಪ್ಪ ಮಕ್ಕಳು ಆಟಕ್ಕೆ ಬಿಟ್ಟಾಗ ಯಾವ ಮರಗಳ ಕೆಳಗೆ ಹೋಗಿ ಕೂರುತ್ತಾರೆ ಎಂದು ಒಂದು ವಾರ ನೋಡಿ, ಆ ಮರಗಳನ್ನೆಲ್ಲ ಉಳಿಸಿಕೊಂಡು, ಕೋಣೆಗಳನ್ನು ಅವುಗಳ ಸುತ್ತ ಚೆದುರಿಸಿದರಂತೆ.

"ಕಮಿಟಿಯವರು ಕೋಳಿಗೂಡು ಅಂತ ಬೈದ್ರು. ಆಮೇಲೆ ಬಿಸಿಲಿಗೆ ಊರಿನ ಬೇರೆ ಶಾಲೆಗಳೆಲ್ಲ ರಜೆ ಕೊಟ್ರೂ ನಮ್ಮಲ್ಲಿ ಪಾಠ ನಡೀತಿತ್ತು," ಎಂದು ಹೆಡ್‌ಮಿಸ್ ನಕ್ಕರು. "ಮಕ್ಕಳು ನಿಮ್ಮಪ್ಪನಿಗೆ ಹಿಡಿಶಾಪ ಹಾಕ್ತಿದ್ವು."

ಪಕ್ಕದಲ್ಲಿದ್ದ ಒಬ್ಬರು ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು. ಮಗಳೂ ನಕ್ಕಳು. ನಗು ಮುಗಿಯುವ ಮೊದಲೇ ಅಳು ಬಂತು, ಎರಡನ್ನೂ ನುಂಗಿಕೊಂಡು ಒಳಗೆ ಹೋದಳು.

*

ಅವಳ ಆಫೀಸಿನಲ್ಲಿ ಜಾಗಕ್ಕೆ ಹೋಗುವ ಪದ್ಧತಿಯೇ ಇರಲಿಲ್ಲ. ಅಳತೆ ಕಂಪ್ಯೂಟರಿಗೆ ಬರುತ್ತಿತ್ತು, ಅಷ್ಟರ ಮೇಲೆ ಎಷ್ಟು ಮಹಡಿ ಏಳುತ್ತದೋ ಅಷ್ಟು ಏಳಿಸುವುದು. ಅವಳು ಕೆಲಸದಲ್ಲಿ ಚುರುಕು. ಅಪ್ಪ ಒಂದು ಬಾಗಿಲಿನ ಜಾಗ ಯೋಚಿಸುವಷ್ಟರಲ್ಲಿ ಅವಳು ಒಂದು ಬೀದಿ ಮುಗಿಸುತ್ತಿದ್ದಳು. ಇದನ್ನು ಇಬ್ಬರೂ ತಮಾಷೆಯಾಗಿಯೇ ಹೇಳಿಕೊಳ್ಳುತ್ತಿದ್ದರು, ತಮಾಷೆಯೊಳಗೆ ಒಂದು ಮುಳ್ಳು ಇರುತ್ತಿತ್ತು.

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಅರ್ಧ ಮೈ ಬಿದ್ದುಹೋಯಿತು. ಎದ್ದು ಕೂರಲೂ ಆಗುತ್ತಿರಲಿಲ್ಲ. ಮಾತು ಹೋಗಿ, ಒಂದೊಂದೇ ಪದ ಉಳಿಯಿತು. ಸಂಜೆಯಾದರೆ "ಮುಂದೆ, ಮುಂದೆ" ಎನ್ನುತ್ತಿದ್ದರು. ಜಗುಲಿಗೆ ಹೋಗಬೇಕು, ಗಾಳಿ ತಿರುಗುವ ಹೊತ್ತಿಗೆ ಅಲ್ಲಿರಬೇಕು. ಅವರ ಆಸೆ ಅಷ್ಟೇ ಇತ್ತು. ಮಗಳು ಆ ಚಕ್ರದ ಮಂಚ ಕೊಂಡು ತಂದದ್ದು ಅದಕ್ಕೇ. ಮಲಗಿದ ಹಾಗೇ ತಳ್ಳಿಕೊಂಡು ಹೋಗಬಹುದು ಎಂದುಕೊಂಡಿದ್ದಳು. ಮಂಚ ತಿರುವಿನಲ್ಲಿ ತಿರುಗಲಿಲ್ಲ.

ಮಾರನೆಯ ದಿನವೇ ಕಂಟ್ರಾಕ್ಟರನ್ನು ಕರೆಸಿದಳು. ಬಂಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದಳು. ಯಂತ್ರ ಶುರುವಾದ ಸದ್ದಿಗೆ ಒಳಗಿನಿಂದ ಅಪ್ಪ ಕಿರುಚಿದರು. ಓಡಿಹೋದರೆ, ಇದ್ದೊಂದು ಕೈಯನ್ನು ಬೇಡ ಬೇಡ ಎಂದು ಆಡಿಸುತ್ತಿದ್ದರು.

"ಕೂತ್ಕೊ," ಎಂದರು. ಆ ಪದ ಹೊರಡಿಸಲು ಅವರ ಕುತ್ತಿಗೆಯ ನರ ಉಬ್ಬಿತು. "ನೋಡು."

ಅವಳ ಪಿತ್ತ ನೆತ್ತಿಗೇರಿತು. ಈ ಸ್ಥಿತಿಯಲ್ಲೂ ಪಾಠವೇ? "ಇನ್ನೂ ಏನು ಕೂತು ನೋಡೋದಪ್ಪ? ನೋಡ್ತಾ ಕೂತ್ರೆ ಕಲ್ಲು ಕರಗತ್ತಾ? ನಿಮಗೆ ಇವತ್ತಿಗೂ ಮನೇಲಿರೋರಿಗಿಂತ ಆ ಬಂಡೆನೇ ಹೆಚ್ಚು," ಎಂದಳು. ಕಂಟ್ರಾಕ್ಟರನ್ನು ಕಳಿಸಿಬಿಟ್ಟಳು. ಮಂಚವನ್ನು ಜಗುಲಿಯ ಮೂಲೆಗೆ ತಳ್ಳಿ, ಪ್ಲಾಸ್ಟಿಕ್ ಹೊದಿಸಿ, ಚಕ್ರಕ್ಕೆ ಇಟ್ಟಿಗೆ ಒಡ್ಡಿದಳು.

ಆಮೇಲೂ ಭಾನುವಾರ ತಪ್ಪದೆ ಬರುತ್ತಿದ್ದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ, ಔಷಧಿ ಆಯ್ತಾ, ಊಟ ಆಯ್ತಾ ಎಂದು ಕೇಳುತ್ತಿದ್ದಳು. ಅಪ್ಪ ಪ್ರತಿ ಸಲವೂ "ಕೂತ್ಕೊ" ಎನ್ನುತ್ತಿದ್ದರು. ಟೈಮಿಲ್ಲಪ್ಪ, ಮುಂದಿನ ವಾರ ಕೂರ್ತೀನಿ, ಎಂದು ಹೊರಟುಬಿಡುತ್ತಿದ್ದಳು. ಮುಂದಿನ ವಾರವೊಂದು ಬರದೇ ಹೋಯಿತು.

*

ಓಣಿಯಲ್ಲಿ ಕಂಟ್ರಾಕ್ಟರ್ ಯಂತ್ರ ತಂದಿಟ್ಟು ತಂತಿ ಜೋಡಿಸುತ್ತಿದ್ದ. ಬಂಡೆಯ ಮೇಲೆ ಅವಳ ಸೀಮೆಸುಣ್ಣದ ಗೀಟು ಇನ್ನೂ ಮಸುಕಾಗಿ ಇತ್ತು. ಅಮ್ಮ ಒರೆಸಿರಲಿಲ್ಲ.

"ಶುರು ಮಾಡ್ಲಾ ಮೇಡಂ?"

ಅವಳು ತಿರುವಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ನೆಲದ ಮೇಲೆ ಕೂತುಬಿಟ್ಟಳು. ದುಃಖಕ್ಕೆ ಕಾಲು ಸೋತಿತೆಂದುಕೊಂಡು ಮಾವ ನೀರು ತರಲು ಹೇಳಿದರು. ನೀರು ಬಂತು, ಅವಳು ಲೋಟ ಪಕ್ಕಕ್ಕಿಟ್ಟಳು. ಅಪ್ಪ ಕೇಳಿದ್ದು ಇದೊಂದೇ, ಇದನ್ನಾದರೂ ಮಾಡೋಣ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಬಂಡೆ ಒಡೆಯಬಾರದು ಎಂಬ ಹಟವೂ ಆಗ ಅವಳಿಗಿರಲಿಲ್ಲ.

ಮಾವ ಗಡಿಯಾರ ನೋಡಿದರು. ಯಾರೋ ಕೆಮ್ಮಿದರು. ಅವಳು ಬಂಡೆಯನ್ನು ನೋಡುತ್ತ ಕೂತಳು.

ನಿಂತು ನೋಡುವಾಗ ಕಾಣುವುದು ಬಂಡೆಯ ಹೊಟ್ಟೆ. ಎಲ್ಲರ ಮೊಣಕೈ ತರಚುವುದು ಅಲ್ಲೇ, ಪೆಟ್ಟಿಗೆ ಸಿಕ್ಕಿಕೊಂಡದ್ದೂ ಅಲ್ಲೇ. ಕೆಳಗಿನಿಂದ ನೋಡಿದರೆ, ಹೊಟ್ಟೆಯ ಮೇಲೆ ಅದು ಹಿಂದಕ್ಕೆ ವಾಲುತ್ತ ಹೋಗಿತ್ತು. ಮೇಲೆ ಹೋದಷ್ಟೂ ಓಣಿ ಅಗಲವಾಗುತ್ತಿತ್ತು. ಅಲ್ಲಿ ಅಪ್ಪ ಸೂರನ್ನೂ ಎತ್ತರಿಸಿದ್ದರು. ಸೂರಿಗೂ ಬಂಡೆಗೂ ನಡುವೆ ಉದ್ದಕ್ಕೆ ಗಾಜು ಕೂರಿಸಿದ್ದರು, ಸಂಜೆಯ ಬೆಳಕು ಅದರೊಳಗಿಂದ ಇಳಿದು ಬರುತ್ತಿತ್ತು.

ಆ ಗಾಜನ್ನು ಅವಳು ಹತ್ತಿರದಿಂದ ಒಂದು ಸಲ ನೋಡಿದ್ದಳು. ಅಪ್ಪನ ಹೆಗಲ ಮೇಲೆ ಕೂತಿದ್ದಳು. ತಮ್ಮನನ್ನು ಹೆರಲು ಅಮ್ಮ ಆಸ್ಪತ್ರೆಗೆ ಹೋಗಿದ್ದಳು, ಅವಳು ಬರುವಷ್ಟರಲ್ಲಿ ಕೋಣೆಗೊಂದು ಕನ್ನಡಿ ಬೀರು ಬರಬೇಕೆಂದು ಅಪ್ಪನ ಆಸೆ. ಬೀರು ತಂದ ಕೂಲಿಯವರು ಇದೇ ತಿರುವಿನಲ್ಲಿ ಕೈಚೆಲ್ಲಿ ನಿಂತರು. ಆಗ ಅಪ್ಪ, ಎಲ್ಲರೂ ಕೆಳಗೆ ಬನ್ನಿ, ತಲೆ ಮೇಲೆ ಎತ್ತಿ, ಪೂರ್ತಿ ಮೇಲೆ, ಎಂದರು. ಬೀರು ಅವಳ ಮುಖದ ಪಕ್ಕದಲ್ಲೇ ತೇಲಿಕೊಂಡು ತಿರುಗಿ ಹೋಯಿತು, ಅದರ ಕನ್ನಡಿಯಲ್ಲಿ ಒಂದು ಗಳಿಗೆ ಅವಳೂ ಆಕಾಶವೂ ಕಂಡವು. ಕೂಲಿಯವರು ನಗುತ್ತಿದ್ದರು. ಅಮ್ಮ ಬಂದು, ಇದು ಹೇಗೆ ಒಳಗೆ ಬಂತು ಎಂದು ಕೇಳಿದಾಗ, ಅದು ನಮ್ಮಿಬ್ಬರ ಗುಟ್ಟು ಎಂದು ಅಪ್ಪ ಮಗಳಿಗೆ ಕಣ್ಣು ಮಿಟುಕಿಸಿದ್ದರು. ಗುಟ್ಟನ್ನು ಎಷ್ಟು ಜೋಪಾನವಾಗಿ ಇಟ್ಟುಕೊಂಡಳೆಂದರೆ ಕೊನೆಗೆ ಅವಳೇ ಮರೆತಳು.

ಅಪ್ಪನಿಗೆ ದಾರಿ ಗೊತ್ತಿತ್ತು. ಹೇಳುವ ಬಾಯಿ ಇರಲಿಲ್ಲ, ಅದಕ್ಕೇ ಕೂತು ನೋಡು ಎಂದರು. ಒಂದು ಹಲಗೆ, ನಾಲ್ಕಾರು ಜನ, ಎತ್ತಿದ ಕೈಗಳು. ಅಷ್ಟಿದ್ದರೆ ಪ್ರತಿ ಸಂಜೆಯೂ ಅವರು ಜಗುಲಿಯಲ್ಲಿರುತ್ತಿದ್ದರು. ಅಷ್ಟು ಸಂಜೆಗಳನ್ನು ಅವರು ಹಿಂದಿನ ಕೋಣೆಯಲ್ಲಿ ಮರದ ತುದಿ ನೋಡುತ್ತ ಕಳೆದರು, ಅವಳು ಸಿಟ್ಟು ಮಾಡಿಕೊಂಡು ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಯಾರೂ ಹತ್ತಿರ ಬರಲಿಲ್ಲ, ಬಂದಿದ್ದರೂ ಅವಳಿಗೆ ಬೇಕಾಗಿರಲಿಲ್ಲ.

ಅತ್ತು ಮುಗಿದ ಮೇಲೆ ಎದ್ದು, ಯಂತ್ರ ತೆಗೆಯಿರಿ ಎಂದಳು.

"ಮತ್ತೆ ಹೇಗೆ?" ಎಂದರು ಮಾವ.

"ತಲೆ ಮೇಲೆ ಎತ್ತಿ ಮಾವ. ಎಲ್ಲರೂ ಪೆಟ್ಟಿಗೆ ಕೆಳಗೆ ಬನ್ನಿ, ಕೈ ಪೂರ್ತಿ ಮೇಲೆ. ನಾನು ತಿರುವಲ್ಲಿ ನಿಂತು ಹೇಳ್ತೀನಿ."

ಮಾವ, ತಮ್ಮ, ಕಂಟ್ರಾಕ್ಟರ್, ಗಾಡಿಯವನು, ಅಕ್ಕಪಕ್ಕದ ಮನೆಯ ಇಬ್ಬರು ಸೇರಿದರು. ಪೆಟ್ಟಿಗೆ ಮೊದಲು ಸೊಂಟಕ್ಕೆ, ಆಮೇಲೆ ಹೆಗಲಿಗೆ, ಆಮೇಲೆ ಅಂಗೈಗಳ ಮೇಲೆ ಏರಿತು. ಮಟ್ಟ ತಪ್ಪದ ಹಾಗೆ ಒಬ್ಬರ ಹಿಂದೆ ಒಬ್ಬರು ಸಣ್ಣ ಹೆಜ್ಜೆ ಇಟ್ಟರು. ನಿಧಾನ, ಈಗ ತಿರುಗಿಸಿ, ಇನ್ನೂ ಸ್ವಲ್ಪ, ಎಂದು ಅವಳು ಹೇಳುತ್ತಲೇ ಇದ್ದಳು. ಪೆಟ್ಟಿಗೆ ಗಾಜಿನ ಕೆಳಗೆ ಬಂದಾಗ ಅದರ ಮುಚ್ಚಳದ ತುಂಬ ಬೆಳಕು ಬಿತ್ತು. ಅದು ಬಂಡೆಯ ಪಕ್ಕದಲ್ಲಿ, ಎಲ್ಲಿಯೂ ತಾಗದೆ, ತಿರುಗಿತು. ಹಿಂದೆ ಬರುತ್ತಿದ್ದ ತಾಯಿ ರೂಢಿಯಂತೆ ಬಂಡೆಗೆ ಕೈ ಊರಿಕೊಂಡು ನಿಂತು ನೋಡಿದಳು.

"ಬೀರು ಹೀಗೇ ಬಂತಾ?" ಎಂದಳು ತಾಯಿ.

ಮಗಳು ಹೌದೆಂದು ತಲೆಯಾಡಿಸಿದಳು.

ಹಜಾರ ದಾಟಿ ಜಗುಲಿಗೆ ಬರುವಷ್ಟರಲ್ಲಿ ಎಲ್ಲರ ತೋಳು ಸೋತಿದ್ದವು. ಇಳಿಸಿ, ಎಲ್ಲಾದರೂ ಇಳಿಸಿ, ಎಂದರು ಮಾವ. ಹತ್ತಿರ ಇದ್ದದ್ದು ಆ ಕಬ್ಬಿಣದ ಮಂಚ. ಯಾರೋ ಅವಸರದಲ್ಲಿ ಛತ್ರಿ, ಕೈಚೀಲಗಳನ್ನು ಬದಿಗೆ ಸರಿಸಿ, ಪ್ಲಾಸ್ಟಿಕ್ ಹಾಳೆ ಎಳೆದರು. ಪೆಟ್ಟಿಗೆಯನ್ನು ಅದರ ಮೇಲೆ ಇಟ್ಟರು. ಗಾಡಿಯವನು ಗಾಡಿಯ ಹಿಂಬಾಗಿಲು ತೆರೆಯಲು ಕೆಳಗೆ ಓಡಿದ.

ಮಗಳು ಬಗ್ಗಿ, ತಾನೇ ಒಡ್ಡಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದಳು. ಮಂಚವನ್ನು ಎರಡೂ ಕೈಯಿಂದ ಹಿಡಿದು ಕಣಿವೆಯ ಕಡೆ ತಿರುಗಿಸಿದಳು. ಅದು ಸಲೀಸಾಗಿ ತಿರುಗಿತು.

"ಹೊತ್ತಾಯ್ತಲ್ಲೇ," ಎಂದರು ಮಾವ. ದನಿಯಲ್ಲಿ ಮೊದಲಿನ ಅವಸರ ಇರಲಿಲ್ಲ.

ಬಾಗಿಲ ಹಿಂದೆ ಮಡಚುವ ಕುರ್ಚಿ ಗೋಡೆಗೆ ಆತುಕೊಂಡಿತ್ತು. ಅದನ್ನು ತಂದು ಬಿಡಿಸಿ, ಪೆಟ್ಟಿಗೆಯ ಪಕ್ಕದಲ್ಲಿ ಹಾಕಿಕೊಂಡು ಕೂತಳು. ಗಾಳಿ ಬಂಡೆಗೆ ಬಡಿದು ಈ ಕಡೆ ತಿರುಗಿತು. ಪ್ಲಾಸ್ಟಿಕ್ ಹಾಳೆ ಜಗುಲಿಯ ಉದ್ದಕ್ಕೂ ಸರಿದುಕೊಂಡು ಹೋಯಿತು, ಹಿಡಿಯಲು ಯಾರೂ ಹೋಗಲಿಲ್ಲ.